ಅಳತೆಗೆ ಕೊಟ್ಟ ಬಳೆ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕು ಮಾತು ಮರೆಸುತ್ತಿದ್ದೆ. ಲೆಕ್ಕಕ್ಕೆ ಸಿಗದ್ದನ್ನು ನಾನು ನಂಬಿದವಳಲ್ಲ. ಹನುಮಂತನಗರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನನ್ನ ಕೆಲಸವೇ ಅದು. ಹೃದಯ ತಪಾಸಣೆಗೆ ಬರುವವರ ವಯಸ್ಸು, ತೂಕ, ಬಿಪಿ, ರಕ್ತದ ಕೊಬ್ಬು ಎಲ್ಲವನ್ನೂ ಕಂಪ್ಯೂಟರಿಗೆ ತುಂಬುತ್ತೇನೆ. ಮುಂದೆ ಇವರಿಗೆ ಹೃದಯದ ಕಾಯಿಲೆ ಬರುವ ಸಂಭವ ಎಷ್ಟೆಂದು ಅದು ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ತೋರಿಸುತ್ತದೆ. ಒಮ್ಮೆ ಬಿಡುವಿನಲ್ಲಿ ನನ್ನದನ್ನೂ ತುಂಬಿದ್ದೆ. ಹಸಿರು ಬಂದಿತ್ತು. ನಿಜ ಹೇಳಬೇಕೆಂದರೆ, ಸೂಜಿ ಕಂಡರೆ ನನಗೆ ಪ್ರಾಣಭಯ. ರಕ್ತ ಪರೀಕ್ಷೆ ಮಾಡಿಸದೆ ಕೊಬ್ಬಿನ ಅಂಕಿಯನ್ನು ಅಂದಾಜಿನಲ್ಲಿ ಹಾಕಿದ್ದೆ. ತೂಕವನ್ನೂ ಸ್ವಲ್ಪ ಧಾರಾಳವಾಗಿ ಇಳಿಸಿದ್ದೆ.

ಆಗ ನನಗೆ ಮೂವತ್ತೆರಡು. ತಂಗಿ ಸುಧಾಳ ಮದುವೆಗೆ ಹತ್ತೇ ದಿನ ಉಳಿದಿತ್ತು. ಬಳೆ ಶಾಸ್ತ್ರಕ್ಕೆ ಹಸಿರು ಗಾಜಿನ ಬಳೆ ತರುವ ಕೆಲಸ ನನಗೆ ಬಿತ್ತು. ಅವಳಿಗೆ ಆಫೀಸು, ಅಂಗಡಿಗೆ ಬರಲು ಪುರುಸೊತ್ತಿಲ್ಲ. ಕನ್ನಡಿ ಇಡುವ ಗೂಡಿನಲ್ಲಿ ಒಂದು ಹಳೆಯ ಬಳೆ ಇತ್ತು. ಅವಳದೇ ಎಂದುಕೊಂಡು ಅಳತೆಗೆ ಪರ್ಸಿಗೆ ಹಾಕಿಕೊಂಡೆ.

ಚಾಮರಾಜಪೇಟೆಯ ಆ ಬಳೆ ಅಂಗಡಿಗೆ ನಾನು ಹೋದದ್ದು ಅದೇ ಮೊದಲು. ಒಳಗೆ ವಯಸ್ಸಾದವರೊಬ್ಬರು ಕೂತಿದ್ದರು. ಬಳೆ ಕೊಟ್ಟು, ತಂಗಿಯ ಮದುವೆಗೆ ಎಂದೆ. ಅವರು ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು ಎರಡು ಸಲ ತಿರುಗಿಸಿದರು.

“ಇದನ್ನ ಹಾಕ್ಕೊಳ್ಳೋರ ಎದೆ ಒಂದ್ಸಲ ಡಾಕ್ಟ್ರಿಗೆ ತೋರ್ಸ್ಬಿಡಮ್ಮ. ತಡ ಮಾಡ್ಬೇಡ,” ಎಂದರು.

“ಏನಂದ್ರಿ?”

“ಹೇಳಿದ್ನಲ್ಲಮ್ಮ. ಎಷ್ಟು ಡಜನ್ ಕೊಡ್ಲಿ?”

ಅಲ್ಲೇನೋ ನಕ್ಕೆ. ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ನಗು ಇಳಿದುಹೋಗಿತ್ತು. ನಂಬಿಕೆ ಇಲ್ಲದವರಿಗೆ ಹೆದರಿಕೆಯೂ ಇರಬಾರದು ಎಂದೇನಿಲ್ಲವಲ್ಲ. ರಾತ್ರಿಯೆಲ್ಲ ಸುಧಾಳ ಮುಖವೇ ಕಣ್ಣ ಮುಂದೆ.

ಬೆಳಿಗ್ಗೆ ಅವಳನ್ನು ನಮ್ಮ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆ. “ಮದುವೆಗೆ ಮುಂಚೆ ಎಲ್ರೂ ಮಾಡಿಸ್ತಾರೆ ಕಣೆ,” ಎಂದೊಂದು ಸುಳ್ಳು ಹೇಳಿದೆ. “ಯಾರೇ ಅದು ಎಲ್ರೂ?” ಎಂದು ಗೊಣಗುತ್ತಲೇ ಅವಳು ಇಸಿಜಿ, ಎಕೋ, ರಕ್ತ ಪರೀಕ್ಷೆ ಎಲ್ಲಕ್ಕೂ ಒಪ್ಪಿದಳು. ಸಂಜೆ ರಿಪೋರ್ಟು ಬಂತು. ಎಲ್ಲವೂ ಸರಿ, ಒಂದು ಕೊಂಕೂ ಇಲ್ಲ. ನನಗಾದ ಖುಷಿಗೆ ಅಳುವೇ ಬಂದುಬಿಟ್ಟಿತು. ಹೃದಯ ಗಟ್ಟಿಯಾಗಿದೆ ಎಂದು ಗೊತ್ತಾದ ಸಂತೋಷಕ್ಕೆ ಇಬ್ಬರೂ ಗಾಂಧಿ ಬಜಾರಿಗೆ ಹೋಗಿ ಬೆಣ್ಣೆ ಸುರಿಯುವ ಮಸಾಲೆ ದೋಸೆ ತಿಂದೆವು.

ಬಳೆ ಶಾಸ್ತ್ರದ ದಿನ ಮನೆ ತುಂಬ ಹೆಂಗಸರು. ಸುಧಾಳ ಕೈಗೆ ಬಳೆ ಏರಿಸಿದರೆ ಎಲ್ಲವೂ ದೊಗಳೆ! ಕೈ ಇಳಿಬಿಟ್ಟರೆ ಉದುರಿ ಬೀಳುವಂತಿದ್ದವು. ಅಳತೆಗೆ ಒಯ್ದ ಬಳೆ ಯಾವುದೆಂದು ಅಮ್ಮ ಕೇಳಿದಳು. ತಂದು ತೋರಿಸಿದೆ.

“ಅಯ್ಯೋ ನಿನ್ನ! ಇದು ನಿಂದೇ ಬಳೆ ಕಣೆ. ಅವಳ ಕೈಯೆಲ್ಲಿ, ನಿನ್ನ ಕೈಯೆಲ್ಲಿ!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆದರೆ ಆ ಬಳೆಯನ್ನು ಕೈಗೆ ಹಾಕಿಕೊಳ್ಳದೆ ಮತ್ತೆ ಪರ್ಸಿಗೇ ಸೇರಿಸಿದೆ.

ಮಾರನೆಯ ಬೆಳಿಗ್ಗೆ ಯಾರಿಗೂ ಹೇಳದೆ, ಕಣ್ಣು ಮುಚ್ಚಿಕೊಂಡು ರಕ್ತ ಕೊಟ್ಟೆ. ನಮ್ಮ ಡಾಕ್ಟರು ರಿಪೋರ್ಟನ್ನು ಎರಡು ಸಲ ಓದಿದರು. ಕೆಟ್ಟ ಕೊಬ್ಬು ಇರಬೇಕಾದ್ದರ ಎರಡರಷ್ಟನ್ನೂ ಮೀರಿತ್ತು. ಇದು ವಂಶದಲ್ಲಿ ಬರುವಂಥದ್ದು, ತಂಗಿಗೆ ಬಾರದೆ ನನಗೆ ಬಂದಿದೆ ಎಂದರು.

“ಈಗ್ಲೇ ಗೊತ್ತಾಗಿದ್ದು ಒಳ್ಳೇದಾಯ್ತು. ಹೀಗೇ ಹತ್ತು ವರ್ಷ ಬಿಟ್ಟಿದ್ರೆ ಕಷ್ಟ ಆಗ್ತಿತ್ತು. ಯಾರು ಟೆಸ್ಟ್ ಮಾಡ್ಸಿ ಅಂದಿದ್ದು?”

ಬಳೆ ಅಂಗಡಿಯವರು ಎಂದು ಯಾವ ಬಾಯಲ್ಲಿ ಹೇಳಲಿ? “ಹೀಗೇ ಸುಮ್ನೆ, ಸರ್,” ಎಂದೆ.

ಅಂಗಡಿಯವರು ನನ್ನ ಮುಖ ನೋಡಿ ಅಂದಾಜು ಮಾಡಿರಬಹುದು ಎಂದು ನೀವು ಹೇಳಬಹುದು. ನಾನೂ ಹಾಗೆ ವಾದ ಮಾಡಿಕೊಂಡಿದ್ದೇನೆ. ಆದರೆ ಅವರು ನನ್ನ ಮುಖ ಸರಿಯಾಗಿ ನೋಡಲೇ ಇಲ್ಲ, ಬಳೆ ತಂಗಿಯದೆಂದು ನಾನೇ ಹೇಳಿದ್ದೆ.

ಕೆಲವು ತಿಂಗಳ ನಂತರ ಮತ್ತೆ ಆ ಅಂಗಡಿಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಅವರಿಗೆ ಒಂದೂ ನೆನಪಿರಲಿಲ್ಲ. ಬಿಡದೆ ಎರಡೂ ಕೈಗಳನ್ನು ಮುಂದೆ ಚಾಚಿ, ಈಗ ಹೇಗಿದೆ ಹೇಳಿ ಎಂದೆ.

ಅವರು ಜೋರಾಗಿ ನಕ್ಕುಬಿಟ್ಟರು. “ಕೈ ನೋಡಿ ನಂಗೇನಮ್ಮ ಗೊತ್ತಾಗತ್ತೆ, ನಾನೇನ್ ಡಾಕ್ಟ್ರಾ? ಬಳೆ ತೆಗ್ದು ಕೊಡು, ನೋಡೋಣ.”

ಕೈಯಲ್ಲಿ ನಾಲ್ಕು ಬಳೆಗಳಿದ್ದವು. ಒಂದನ್ನು ತೆಗೆದು ಕೊಡುವುದು ಎಷ್ಟು ಹೊತ್ತಿನ ಕೆಲಸ? ಮಾತ್ರೆ ತಪ್ಪಿಸುತ್ತಿರಲಿಲ್ಲ, ದಿನವೂ ನಡೆಯುತ್ತಿದ್ದೆ, ಹೊಸ ರಿಪೋರ್ಟೂ ಚೆನ್ನಾಗಿತ್ತು. ಮೇಲಾಗಿ ಇಂಥದ್ದನ್ನೆಲ್ಲ ನಂಬುವವಳೂ ನಾನಲ್ಲ. ಆದರೂ ಎರಡು ಕೈಗಳನ್ನೂ ದುಪಟ್ಟಾದೊಳಗೆ ಸೇರಿಸಿಕೊಂಡು, ಇನ್ನೊಂದು ದಿನ ಬರ್ತೀನಿ ಎಂದು ಹೇಳಿ ಹೊರಗೆ ಬಂದುಬಿಟ್ಟೆ.