ಎರಡನೇ ಗೇರಿನ ಸದ್ದು

ನನ್ನ ವೃತ್ತಿಜೀವನವೆಲ್ಲ ಎಂಜಿನ್ನುಗಳ ಬಾಯಿ ಮುಚ್ಚಿಸುವುದರಲ್ಲಿ ಕಳೆಯಿತು. ಪುಣೆಯ ಒಂದು ಡೀಸೆಲ್ ಎಂಜಿನ್ ಕಂಪೆನಿಯಲ್ಲಿ ಸದ್ದು ಮತ್ತು ನಡುಕದ ವಿಭಾಗ ಎಂದು ಒಂದಿತ್ತು. ಸುತ್ತ ಸ್ಪಂಜಿನ ಗೋಡೆಗಳಿರುವ ಕೋಣೆಯಲ್ಲಿ ಎಂಜಿನ್ನನ್ನು ಕೂರಿಸಿ, ಅದು ಎಲ್ಲಿ ಗೊರಗುಟ್ಟುತ್ತದೆ, ಎಲ್ಲಿ ಕಟಕಟ ಎನ್ನುತ್ತದೆ ಎಂದು ಮೈಕು ಹಿಡಿದು ಹುಡುಕುವುದು, ಹುಡುಕಿದ ಮೇಲೆ ಅದನ್ನು ಅಡಗಿಸುವುದು ನಮ್ಮ ಕೆಲಸ. ರಜೆಗೆ ಊರಿಗೆ ಬಂದಾಗ ಯಾರಾದರೂ ವಿಚಾರಿಸಿದರೆ ಇದನ್ನೇ ಹೇಳುತ್ತಿದ್ದೆ. "ಅದಕ್ಕೂ ಸಂಬಳ ಕೊಡ್ತಾರಾ?" ಎಂದು ಕೇಳುತ್ತಿದ್ದರು. ಕೊಡುತ್ತಿದ್ದರು, ಸಾಕಷ್ಟೇ ಕೊಡುತ್ತಿದ್ದರು.

ಆಮೇಲೆ ಕಂಪೆನಿಗೆ ಭವಿಷ್ಯ ಬಂತು. ಎಂಜಿನ್ ವಿಭಾಗದ ಬೋರ್ಡು ತೆಗೆದು ಪವರ್‌ಟ್ರೇನ್ ವಿಭಾಗ ಎಂದು ಹಾಕಿದರು. ಅದರ ಬಣ್ಣ ಒಣಗುವ ಮೊದಲೇ ಅದು ನಾಳಿನ ಶಕ್ತಿ ವಿಭಾಗವಾಯಿತು. ಕುರ್ಚಿಗಳು ಅವೇ, ಕೂತವರೂ ಅವರೇ. ಒಂದು ವಾರ ಹೈಡ್ರೋಜನ್ನಿನ ಮೀಟಿಂಗು, ಮರುವಾರ ಎಥೆನಾಲಿನದು, ನಡುವೆ ಬಿಡುವಾದರೆ ಬ್ಯಾಟರಿಯದು. ಯಾವುದು ಗೆದ್ದರೂ ನಾವು ಅಲ್ಲಿರಬೇಕು ಎನ್ನುವುದು ದೊಡ್ಡವರ ಸಿದ್ಧಾಂತ. ಮದುವೆ ಮನೆಯ ಊಟಕ್ಕೆ ಎಲ್ಲ ಪಂಕ್ತಿಯಲ್ಲೂ ಕರವಸ್ತ್ರ ಹಾಸಿ ಜಾಗ ಹಿಡಿದವರ ಹಾಗೆ ನಾವು ಭವಿಷ್ಯಕ್ಕೆ ಕಾದು ಕೂತೆವು. ಈ ನಡುವೆ ಒಂದು ಸಣ್ಣ ತೊಂದರೆ ಎದುರಾಯಿತು. ಎಲೆಕ್ಟ್ರಿಕ್ ಮೋಟಾರಿಗೆ ಸದ್ದೇ ಇಲ್ಲ. ಅಂದರೆ ನನಗೆ ಕೆಲಸವಿಲ್ಲ.

ಅಷ್ಟರಲ್ಲಿ, ಸದ್ದಿಲ್ಲದ ವಾಹನ ಪಾದಚಾರಿಗಳ ಮೇಲೆ ಹಾಯ್ದೀತು, ಆದ್ದರಿಂದ ಅದಕ್ಕೆ ಒಂದು ಸದ್ದು ಕೊಡಬೇಕು ಎಂಬ ಮಾತು ಬಂದು, ಅದಕ್ಕೊಂದು ಸಮಿತಿಯಾಯಿತು. ನನ್ನನ್ನೂ ಸೇರಿಸಿಕೊಂಡರು. ಸಲಹೆಗಾರರೊಬ್ಬರು ಕೆಲವು ಮಾದರಿಗಳನ್ನು ತಂದಿದ್ದರು: ಸಮುದ್ರದ ಅಲೆ, ಕೊಳಲು, ಮತ್ತೆ ಹಾರುವ ತಟ್ಟೆಯಂಥದ್ದು ಏನೋ. ನಾವು ಕಣ್ಣು ಮುಚ್ಚಿ, ಮೃದುವಾದ ಸೋಫಾದಲ್ಲಿ ಒರಗಿ ಆಲಿಸಿದೆವು. ನಾನು ಅಲೆಗೆ ಕೈ ಎತ್ತಿದೆ. ಮೇಲಿನವರಿಗೆ ಕೊಳಲು ಹಿಡಿಸಿತ್ತು. ತೀರ್ಮಾನವಾಗುವ ಮೊದಲೇ ನನಗೆ ಸ್ವಯಂ ನಿವೃತ್ತಿ ಸಿಕ್ಕಿತು. ನಿರ್ಧಾರ ಕಂಪೆನಿಯದ್ದು, ಸಹಿ ಮಾತ್ರ ನನ್ನದು. ಹೆಂಡತಿ ಪಾಠ ಮಾಡುವುದು ಮಣಿಪಾಲದಲ್ಲಿ. ಅಲ್ಲಿನ ಫ್ಲ್ಯಾಟಿಗೆ ಬಂದು ಬಾಲ್ಕನಿಯಲ್ಲಿ ಕೂತು, ಕೆಳಗೆ ಹೋಗುವ ಬೈಕುಗಳಿಗೆಲ್ಲ ಮನಸ್ಸಿನಲ್ಲೇ ಬೈಯತೊಡಗಿದೆ.

ಹೀಗಿರುವಾಗ ಕಾಪುವಿನ ಭಾವನ ಫೋನು ಬಂತು. ಭಾವ ಎಂದರೆ ಅಕ್ಕನ ಗಂಡ; ನಮ್ಮ ಕಡೆ ಅವರು ನನ್ನನ್ನು ಕರೆಯುವುದೂ ಭಾವ ಎಂದೇ. ಕಾಪುವಿನಿಂದ ಶಿರ್ವದ ಮೇಲಾಗಿ ಕಾರ್ಕಳಕ್ಕೆ ಹೋಗುವ ಒಂದು ಬಸ್ಸು ಅವರದ್ದು. ಮಾಲಕರೂ ಅವರೇ, ಡ್ರೈವರೂ ಅವರೇ. ಆ ಪರ್ಮಿಟ್ಟು ಅವರ ತಂದೆಯ ಕಾಲದ್ದು. ಹಳೆಯ ಡೀಸೆಲ್ ಬಸ್ಸಿನ ಸದ್ದು ನನ್ನಂಥವನಿಗೆ ವೈಯಕ್ತಿಕ ಅವಮಾನದಂತಿತ್ತು. ಸೈಲೆನ್ಸರು ತೂತು, ಡೀಸೆಲ್ ಪಂಪಿನದು ಬೇರೆಯೇ ರಾಗ. ಪ್ರತಿ ರಜೆಯಲ್ಲಿಯೂ ನಾನು ಅದನ್ನು ಸರಿ ಮಾಡಿಕೊಡುತ್ತೇನೆ ಎನ್ನುವುದು, ಅಕ್ಕ, "ಇರಲಿ ಬಿಡು, ಅದರಿಂದ ಯಾರಿಗೆ ಎಂತ ತೊಂದರೆ?" ಎನ್ನುವುದು ನಡೆದೇ ಇತ್ತು. ಕೊನೆಗೆ ಹೊಗೆ ಹೆಚ್ಚಾಗಿ ಬಸ್ಸಿಗೆ ಫಿಟ್‌ನೆಸ್ ಸರ್ಟಿಫಿಕೇಟು ಸಿಗಲಿಲ್ಲ. ಹೇಗೂ ಹೊಸದು ಬೇಕಲ್ಲ, ನಾಳೆಯ ಕಾಲದ್ದೇ ಇರಲಿ ಎಂದು ಭಾವ ಎಲೆಕ್ಟ್ರಿಕ್ ಬಸ್ಸು ತಂದರು. ಹಳೆಯದನ್ನು ಹಿತ್ತಲಿನ ತೆಂಗಿನ ಬುಡದಲ್ಲಿ ನಿಲ್ಲಿಸಿದರು.

ಹೊಸ ಬಸ್ಸಿನ ಪೂಜೆಗೆ ನಾನು ಹೋಗಿದ್ದೆ. ಭಟ್ಟರು ಆರತಿ ಮುಗಿಸಿ, ಚಕ್ರದಡಿಗೆ ನಿಂಬೆಹಣ್ಣು ಇಟ್ಟು, "ಇನ್ನು ಸ್ಟಾರ್ಟ್ ಮಾಡಿ" ಎಂದು ಎದುರಿಗೇ ನಿಂತರು.

"ಸ್ಟಾರ್ಟ್ ಆಗಿ ಆಯ್ತು ಭಟ್ರೆ," ಎಂದರು ಭಾವ.

"ಎಲ್ಲಿ ಆದದ್ದು?" ಎಂದು ಭಟ್ಟರು ಕಿವಿಯನ್ನು ಬಸ್ಸಿನ ಮುಖಕ್ಕೆ ಒಡ್ಡಿದರು. ಅಷ್ಟರಲ್ಲಿ ನಿಂಬೆಹಣ್ಣು ಪಿಚಕ್ಕೆಂದಿತು. ಭಟ್ಟರು ಹಾರಿ ಜಗಲಿ ಸೇರಿದರು. ಆವತ್ತು ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಫೋನಿನಲ್ಲಿ ಭಾವನ ದನಿ ಬೇರೆಯೇ ಇತ್ತು. "ಬಸ್ಸಿಗೆ ಜನ ಇಲ್ಲ ಭಾವ. ಕಾಪುವಿನಲ್ಲಿ ಹತ್ತಿದವರು ಕಾರ್ಕಳದಲ್ಲಿ ಇಳಿಯುತ್ತಾರೆ, ನಡುವಿನಲ್ಲಿ ಒಬ್ಬರೂ ಇಲ್ಲ. ಪತ್ತನಾಜೆಯವರೆಗೆ ನೋಡ್ತೇನೆ. ಮತ್ತೆ ಪರ್ಮಿಟ್ ಬಿಟ್ಟುಕೊಡುವುದು." ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳವರು ಗೆಜ್ಜೆ ಬಿಚ್ಚುತ್ತಾರೆ, ಮಳೆಗಾಲಕ್ಕೆ ಎಲ್ಲ ನಿಲ್ಲುತ್ತದೆ, ತನ್ನದೂ ಅಂದಿಗೇ ನಿಲ್ಲಲಿ ಎಂದು ಅವರು ಅಂದುಕೊಂಡಂತಿತ್ತು. ಆ ಒಳರಸ್ತೆಯಲ್ಲಿ ಬೆಳಗ್ಗೆ ಹೋಗುವುದು ಅದೊಂದೇ ಬಸ್ಸು. ತಂದೆ ನಡೆಸಿದ್ದನ್ನು ನಾನು ಮುಳುಗಿಸಿದೆ ಎಂದೂ ಒಂದು ಮಾತು ಸೇರಿಸಿದರು. ನಾನು ಕಾಪುವಿಗೆ ಹೊರಟೆ.

ನಾನು ವಿದ್ಯಾವಂತನಾದ್ದರಿಂದ ಮೊದಲು ಒಂದು ಸಿದ್ಧಾಂತ ಮಾಡಿಕೊಂಡೆ. ಜನರಿಗೆ ಬ್ಯಾಟರಿಯ ಭಯ: ನಡುದಾರಿಯಲ್ಲಿ ಚಾರ್ಜು ಮುಗಿದರೆ? ಬೆಂಕಿ ಹತ್ತಿದರೆ? ನಮ್ಮ ಮೀಟಿಂಗುಗಳಲ್ಲಿ ಇದರ ಮೇಲೆ ಎಷ್ಟೋ ಸ್ಲೈಡು ತೋರಿಸಿದ್ದರು. ಬಸ್ಸು ಹೋಗುವ ದಾರಿಯಲ್ಲಿ ಕೆಲವರನ್ನು ಮಾತನಾಡಿಸಿದೆ. ಶಿರ್ವದ ಹತ್ತಿರ, ಪ್ರತಿ ವಾರ ಕಾರ್ಕಳಕ್ಕೆ ಮಗಳ ಮನೆಗೆ ಹೋಗುತ್ತಿದ್ದ ಬ್ಯಾರಿ ಅಜ್ಜಿಯೊಬ್ಬರು ಇದ್ದರು. ಬ್ಯಾಟರಿಯ ಹೆದರಿಕೆ ಉಂಟಾ ಎಂದು ಕೇಳಿದೆ.

"ಎಂತ ಹೆದರಿಕೆ? ಹತ್ತಿದರಲ್ವಾ ಹೆದರುವುದು. ಆ ಬಸ್ಸು ಬರುವುದೇ ಇಲ್ಲ ಮಗಾ," ಎಂದರು ಅಜ್ಜಿ.

ಬಸ್ಸು ದಿನವೂ, ಹಳೆಯದಕ್ಕಿಂತ ಸರಿಯಾದ ಹೊತ್ತಿಗೆ, ಅವರ ಮನೆಯ ಮುಂದೆಯೇ ಹೋಗುತ್ತಿತ್ತು. ಎಲ್ಲರದೂ ಇದೇ ಉತ್ತರ. ಭಾವನಿಗೆ ಇದನ್ನು ಹೇಳಿದರೆ ಮೈ ಉರಿದು ಹೋಯಿತು. ಮರುದಿನ ನಾನೇ ಬೆಳಗಿನ ಬಸ್ಸಿನಲ್ಲಿ ಹೋಗಿ ನೋಡುವುದೆಂದು ಅಕ್ಕನ ಮನೆಯಲ್ಲೇ ಉಳಿದೆ.

ಭಾವ ಮುಂಚೆಯೇ ಬಸ್ಸು ತೆಗೆದುಕೊಂಡು ಕಾಪು ಸ್ಟ್ಯಾಂಡಿಗೆ ಹೋಗಿದ್ದರು. ಅಲ್ಲಿಂದ ಹೊರಟು ಇದೇ ದಾರಿಯಾಗಿ ಬರಬೇಕು. ನಾನು ಶೂ ಹಾಕಿ, ಜಗಲಿಯಲ್ಲಿ ಕೂತೆ.

"ಕಾಫಿ ಕುಡಿ, ಬಸ್ಸು ಬರುವಾಗ ಗೊತ್ತಾಗ್ತದೆ," ಎಂದಳು ಅಕ್ಕ.

ಕುಡಿದೆ. ಇನ್ನರ್ಧ ಲೋಟವನ್ನೂ ಕುಡಿದೆ. ಪೇಪರು ಮುಗಿಸಿದೆ. ಆಗ ಭಾವನ ಫೋನು. "ಎಂತ ಭಾವ, ಬರುವುದಿಲ್ವಾ? ಗೇಟಿನ ಹತ್ತಿರ ನಿಲ್ಲಿಸಿ ನೋಡಿದೆ. ಯಾರೂ ಇಲ್ಲ. ಈಗ ನಾನು ಬೆಳ್ಮಣ್ ದಾಟಿ ಆಯ್ತು."

ನಾನು ಶೂ ಬಿಚ್ಚಿದೆ. ಸದ್ದಿನ ವಿಭಾಗದಲ್ಲಿ ಕೂದಲು ಹಣ್ಣು ಮಾಡಿಕೊಂಡ ನಾನು ಬಸ್ಸಿನ ಸದ್ದಿಗೆ ಕಾದು ಬಸ್ಸು ತಪ್ಪಿಸಿಕೊಂಡಿದ್ದೆ.

ಆ ರಸ್ತೆಯಲ್ಲಿ ಸ್ಟಾಪಿನಲ್ಲಿ ನಿಂತು ಬಸ್ಸಿಗೆ ಕಾಯುವ ಪದ್ಧತಿ ಇಲ್ಲ. ಮನೆಗಳು ರಸ್ತೆಯಿಂದ ಒಳಗೆ, ಬೈಲಿನ ಅಂಚಿನಲ್ಲಿ, ಗುಡ್ಡೆಯ ಮೇಲೆ. ಜನ ಮನೆಯೊಳಗೇ ಕಾಯುತ್ತಾರೆ. ಹಳೆಯ ಬಸ್ಸು, ಅಕ್ಕನ ಮನೆಗಿಂತ ಮೊದಲು ಸಿಗುವ ಚರ್ಚಿನ ಏರಿನಲ್ಲಿ, ಎರಡನೇ ಗೇರಿಗೆ ಇಳಿದು ಗೋಳೋ ಎಂದಾಗ ಒಬ್ಬರು ಗ್ಯಾಸು ಆರಿಸುತ್ತಿದ್ದರು, ಒಬ್ಬರು ಮಲ್ಲಿಗೆ ಮುಡಿಯುತ್ತಿದ್ದರು, ಬ್ಯಾರಿ ಅಜ್ಜಿ ಬುರ್ಖಾ ತೊಟ್ಟು ಬಾಗಿಲಿಗೆ ಬೀಗ ಹಾಕುತ್ತಿದ್ದರು. ಎಲ್ಲರೂ ರಸ್ತೆಗೆ ಮುಟ್ಟುವುದಕ್ಕೂ ಬಸ್ಸು ಬರುವುದಕ್ಕೂ ಸರಿಯಾಗುತ್ತಿತ್ತು. ಈಗ ಎಲ್ಲರೂ ಮನೆಯೊಳಗೆ ಕಿವಿ ತೆರೆದು ಕೂತಿದ್ದರು. ಬಸ್ಸು ಕಳ್ಳನ ಹಾಗೆ ಹೊರಗೆ ಹಾದು ಹೋಗುತ್ತಿತ್ತು.

ಪರಿಹಾರ ಸುಲಭ, ಹಾರ್ನ್ ಹಾಕಿ ಎಂದೆ. ಭಾವನಿಗೆ ಅದು ಇಷ್ಟವಿರಲಿಲ್ಲ. ಹಾರ್ನ್ ಹಾಕುವವನು ಡ್ರೈವರೇ ಅಲ್ಲ ಎನ್ನುವ ಪೈಕಿ ಅವರು. ಆದರೂ ಪ್ರತಿ ತಿರುವಿನಲ್ಲಿ ಪೋಂ ಪೋಂ ಎನ್ನಿಸಿದರು. ಜನ ಬಂದರು. ಕೈಯಲ್ಲಿ ಪಾತ್ರೆ ಹಿಡಿದು ಬಂದರು, ಹಿಂದಿನಿಂದ ಬೆಕ್ಕುಗಳೂ ಬಂದವು. ಆ ಹೊತ್ತಿಗೆ ಹಾರ್ನ್ ಹಾಕುತ್ತ ಬರುವುದು ಮೀನಿನ ಸ್ಕೂಟರು. "ಬೂತಾಯಿ ಉಂಟಾ?" ಎಂದು ಒಬ್ಬರು ಕಿಟಕಿಯಲ್ಲಿ ಇಣುಕಿ ಕೇಳಿದರಂತೆ. ಮರುದಿನದಿಂದ ಭಾವ ಹಾರ್ನ್ ಮುಟ್ಟಲಿಲ್ಲ.

ಹಾಗಾದರೆ ಇದು ನನ್ನ ವಿಷಯ ಎಂದು ನಾನು ಪೂರ್ತಿ ಇಳಿದೆ. ಬಸ್ಸಿನ ಅಡಿಗೆ ಸ್ಪೀಕರು ಕಟ್ಟಿದೆ. ಸ್ಟಿಯರಿಂಗಿನ ಪಕ್ಕ ಗುಂಡಿ ಇಟ್ಟೆ. ಕಂಪ್ಯೂಟರಿನಲ್ಲಿ ಕೂತು, ಕಿವಿಗೆ ಹಿತವಾಗಿ, ದೂರಕ್ಕೂ ಕೇಳುವಂಥ ಒಂದು ಗುಂಯ್‌ಗುಡುವಿಕೆಯನ್ನು ತಯಾರಿಸಿದೆ. ನಮ್ಮ ಸಮಿತಿ ಕೇಳಿದ್ದರೆ ಕೊಳಲನ್ನು ಬದಿಗಿಟ್ಟು ಇದನ್ನೇ ಆರಿಸುತ್ತಿತ್ತು. ಅದನ್ನು ಹಾಕಿಕೊಂಡು ಬಸ್ಸು ಹೋಯಿತು. ಒಬ್ಬರೂ ಹೊರಗೆ ಬರಲಿಲ್ಲ. ಊರಿನಲ್ಲಿ ಹೊಸ ಅಕ್ಕಿ ಮಿಲ್ಲು ಆಗಿದೆ ಎಂದು ಸುದ್ದಿ ಹಬ್ಬಿತು.

ಪತ್ತನಾಜೆ ಹತ್ತಿರವಾಗಿತ್ತು. ಕೊಳ್ಳಲು ಪರ್ಮಿಟ್ಟು ಹುಡುಕುತ್ತಿದ್ದ ಒಬ್ಬರು ಭಾವನ ಮನೆಗೆ ಒಂದು ಸಲ ಬಂದು ಹೋಗಿಯೂ ಆಗಿತ್ತು. ಕೊನೆಗೆ ನಾನು ಹಿತ್ತಲಿಗೆ ಹೋಗಿ ಹಳೆಯ ಬಸ್ಸಿನ ಮುಂದೆ ನಿಂತೆ. ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಬೇರೆ ಬ್ಯಾಟರಿ ತಂದು, ಭಾವ ಅದನ್ನು ಸ್ಟಾರ್ಟ್ ಮಾಡಿದಾಗ ಅಂಗಳದ ಕಾಗೆಗಳೆಲ್ಲ ಎದ್ದವು. ಒಂದು ಭಾನುವಾರ ಅದನ್ನು ಚರ್ಚಿನ ಏರಿನವರೆಗೆ ಒಯ್ದೆವು. ಪುಣೆಯಲ್ಲಿ ಯಾವ ಮೈಕು ಹಿಡಿದು ನಾನು ಇಂಥ ಸದ್ದುಗಳನ್ನು ಬೇಟೆಯಾಡಿದ್ದೆನೋ ಅಂಥದೇ ಮೈಕು ಹಿಡಿದು ಕಂಡಕ್ಟರನ ಬಾಗಿಲಿನಿಂದ ಹೊರಗೆ ನೇತಾಡಿದೆ. ತೂತು ಸೈಲೆನ್ಸರು, ಪಂಪಿನ ರಾಗ, ಗೇರುಪೆಟ್ಟಿಗೆಯ ನರಳಾಟ, ಒಂದನ್ನೂ ಬಿಡದೆ ಹಿಡಿದು ಹೊಸ ಬಸ್ಸಿನ ಸ್ಪೀಕರಿಗೆ ತುಂಬಿಸಿದೆ. ನಾಳಿನ ಶಕ್ತಿಗೆ ನನ್ನ ಕೊಡುಗೆ ಇಷ್ಟೇ.

ಸೋಮವಾರ ಭಾವ ಏರಿನ ಬುಡದಲ್ಲಿ ಗುಂಡಿ ಒತ್ತಿದರು. ನಾನು ಹಿಂದಿನ ಸೀಟಿನಲ್ಲಿದ್ದೆ. ಏರು ಹತ್ತಿ ಮುಗಿಯುವಾಗ ಮೊದಲ ಗೇಟಿನಲ್ಲಿ ಒಬ್ಬರು ಮಲ್ಲಿಗೆ ಮುಡಿಯುತ್ತಲೇ ಓಡಿ ಬರುತ್ತಿದ್ದರು. ಮುಂದಿನ ತಿರುವಿನಲ್ಲಿ ಇಬ್ಬರು. ಶಿರ್ವದ ಹತ್ತಿರ ಬ್ಯಾರಿ ಅಜ್ಜಿ ಬೀಗದ ಕೈಯನ್ನು ಚೀಲಕ್ಕೆ ಹಾಕುತ್ತ ಹತ್ತಿದರು. "ಅಂತೂ ಹೊಸ ಬಸ್ಸನ್ನು ರಿಪೇರಿ ಮಾಡಿಸಿದಿರಿ ಅಲ್ವಾ," ಎಂದರು. ಭಾವ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಬೆಳ್ಮಣ್ ಮುಟ್ಟುವಾಗ ನಾನು ಎದ್ದು ಒಬ್ಬರಿಗೆ ಸೀಟು ಬಿಟ್ಟುಕೊಡಬೇಕಾಯಿತು.

ಆ ಸದ್ದು ಕೇಳಿ ಕಾರ್ಕಳದ ಒಬ್ಬ ಮೆಕ್ಯಾನಿಕರು, ಬಸ್ಸಿನ ಡೀಸೆಲ್ ನೋಜಲ್ ಹೋಗಿದೆ, ಒಮ್ಮೆ ಗ್ಯಾರೇಜಿಗೆ ತನ್ನಿ ಎಂದು ಭಾವನಿಗೆ ಎರಡು ಸಲ ಹೇಳಿದ್ದಾರೆ. ಪತ್ತನಾಜೆ ಬಂತು, ಹೋಯಿತು. ಪರ್ಮಿಟ್ಟಿಗೆ ಬಂದವರು ಬರಿಗೈಯಲ್ಲಿ ಮರಳಿದರು.

ಮೊದಲ ಮಳೆ ಬಿದ್ದ ವಾರ ಅಕ್ಕ ನನ್ನನ್ನು ಊಟಕ್ಕೆ ಕರೆದಳು. ಮಟ್ಟುಗುಳ್ಳ ಬದನೆಯ ಹುಳಿ ಮಾಡಿದ್ದಳು. ಮಧ್ಯಾಹ್ನ ಕಾಪುವಿನಲ್ಲಿ ಜನರನ್ನು ಇಳಿಸಿ ಬಂದು, ಬಸ್ಸನ್ನು ಅಂಗಳದಲ್ಲಿ ಚಾರ್ಜಿಗೆ ಹಾಕಿ ಭಾವ ಊಟ ಮಾಡುವುದು ರೂಢಿ. ಖಾಲಿ ಬಸ್ಸು ಬರುವಾಗ ಗುಂಡಿ ಒತ್ತುವ ಅಗತ್ಯವಿಲ್ಲ, ಭಾವ ಒತ್ತುತ್ತಿರಲಿಲ್ಲ. ಅಕ್ಕ ಒಲೆಯ ಹತ್ತಿರ ಇದ್ದಾಗ ಅವರು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಅವಳು ಬೆಚ್ಚಿ ಸೌಟು ಕೆಳಗೆ ಹಾಕಿದಳು. ಇದು ಹೊಸತಲ್ಲವೆಂದು ಕಾಣುತ್ತದೆ; ಭಾವ ಸೌಟು ಎತ್ತಿಟ್ಟು ಕೈ ತೊಳೆಯಲು ಹೋದರು.

"ರಸ್ತೆಯವರಿಗೆಲ್ಲ ಮಾಡಿ ಕೊಟ್ಟೆ," ಎಂದಳು ಅಕ್ಕ ನನಗೆ, ನೆಲ ಒರೆಸುತ್ತ. "ನನಗೆ ಎಂತಕ್ಕೆ ಇಲ್ಲ?"

"ನೀನು ಬಸ್ಸಿಗೆ ಹೋಗುವುದಿಲ್ಲವಲ್ಲ ಅಕ್ಕ."

"ಹೋಗುವುದಿಲ್ಲ. ಹಳೆ ಬಸ್ಸು ಏರು ಹತ್ತುವ ಶಬ್ದ ಕೇಳಿದರೆ ಇವತ್ತು ಕೂಡ ಬಂದರು ಅಂತ ಲೆಕ್ಕ. ಮದುವೆಯಾಗಿ ಬಂದಾಗಿಂದ ಹಾಗೆಯೇ. ಈಗ ಬಾಗಿಲಲ್ಲಿ ಬಂದು ನಿಂತ ಮೇಲೆಯೇ ನನಗೆ ಗೊತ್ತಾಗುವುದು. ಅಲ್ಲಿಯವರೆಗೆ ಎಂತೆಂತದೋ ಯೋಚನೆ ಬರ್ತದೆ ಮಾರಾಯ. ಆ ರಸ್ತೆ ನೀನು ನೋಡಿದ್ದೀ ಅಲ್ವಾ."

ಅವಳು ಮಾತು ಮುಗಿಸುವ ಮೊದಲೇ ಬಚ್ಚಲಿನಲ್ಲಿ ನೀರು ಬೀಳುವ ಸದ್ದು ನಿಂತಿತ್ತು. ಭಾವ ಒಳಗೆ ಬಂದು ಕೂತು, ಗುಳ್ಳದ ಹುಳಿ ಚೆನ್ನಾಗಿದೆ ಎಂದರು. ಜೋರು ಮಳೆ, ನಾಳೆ ಹೋದರಾಯಿತು ಎಂದು ನಾನು ಅಲ್ಲೇ ಉಳಿದೆ.

ಮರುದಿನ ಮಧ್ಯಾಹ್ನ ಮಳೆಯ ನಡುವೆಯೇ ಚರ್ಚಿನ ಏರಿನ ಕಡೆಯಿಂದ ಅದು ಕೇಳಿತು: ಎರಡನೇ ಗೇರು, ತೂತು ಸೈಲೆನ್ಸರು, ಪಂಪಿನ ರಾಗ. ಒಬ್ಬ ಪ್ರಯಾಣಿಕನೂ ಇಲ್ಲದ ಬಸ್ಸು ಅಷ್ಟು ದೂರದಿಂದಲೇ ಗೋಳಿಡುತ್ತ ಬರುತ್ತಿತ್ತು. ಅಕ್ಕ ಅನ್ನದ ಪಾತ್ರೆಯ ಮುಚ್ಚಳ ತೆಗೆದಳು.

"ಬಂದರು. ತಟ್ಟೆ ಇಡು," ಎಂದಳು.

ಅದು ಬರೀ ಸ್ಪೀಕರಿನ ಸದ್ದು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಎದ್ದು ಮೂರು ತಟ್ಟೆ ಇಟ್ಟೆ.