ನಾಲ್ಕು ದಿನ ಇಟ್ಟು ನೋಡು

ಮನುಷ್ಯನ ಅರಿವಿಗೆ ಒಂದು ಗಡಿಯಿದೆ, ಅದರಾಚೆಗೆ ಏನಿದೆಯೆಂದು ಬಲ್ಲವರು ಯಾರೂ ಇಲ್ಲ. ಈ ಮಾತನ್ನು ನಾನು ಬಹಳ ಮಂದಿಯ ಬಾಯಿಂದ ಕೇಳಿದ್ದೇನೆ. ಹೇಳಿದವರಲ್ಲಿ ಹೆಚ್ಚಿನವರು ಮದುವೆಯ ಊಟ ಮುಗಿಸಿ ಕುರ್ಚಿಗೆ ಒರಗಿಕೊಂಡವರು. ನಾನಾದರೋ ಮೂವತ್ತು ವರ್ಷಕ್ಕೆ ಹತ್ತಿರ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದವನು. ಬೆಳಿಗ್ಗೆಯಿಂದ ಸಂಜೆಯವರೆಗೆ ಊರವರ ಕಫ, ರಕ್ತ, ಮೂತ್ರಗಳ ಸಾನ್ನಿಧ್ಯದಲ್ಲಿ ಕುಳಿತವನಿಗೆ ಅಗೋಚರ ಶಕ್ತಿಗಳ ಬಗ್ಗೆ ಭಕ್ತಿ ಹುಟ್ಟುವುದು ಕಷ್ಟ. ಅಗೋಚರವಾದದ್ದನ್ನು ಗೋಚರ ಮಾಡುವುದೇ ನನ್ನ ಸಂಬಳದ ಕೆಲಸವಾಗಿತ್ತು. ಅದಕ್ಕೊಂದು ಮೈಕ್ರೋಸ್ಕೋಪ್ ಕೂಡ ಕೊಟ್ಟಿದ್ದರು.

ಆದ್ದರಿಂದ ಓದುಗರು ಮುಂದೆ ಹೇಳುವುದನ್ನು ನಂಬಲೇಬೇಕೆಂದು ನಾನು ಒತ್ತಾಯಿಸುವುದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ಕಾಪುವಿನ ನಮ್ಮ ಮನೆಯಲ್ಲಿ ಯಾರಾದರೂ ಸತ್ತವರು ಬಂದು ಮಾತಾಡಿದರು ಎಂದರೆ, "ರಾತ್ರಿ ಎಂತ ತಿಂದಿದ್ದಿ?" ಎಂದು ವಿಚಾರಣೆ ನಡೆಸುತ್ತಿದ್ದವನು ನಾನು. ನೆಂಟರಿಷ್ಟರಲ್ಲಿ ನನಗೆ ಈ ವಿಷಯದಲ್ಲಿ ಒಂದು ಹೆಸರಿತ್ತು, ಹೆಸರಿನ ಮೇಲೆ ನನಗೆ ಹೆಮ್ಮೆಯೂ ಇತ್ತು. ಆ ಹೆಮ್ಮೆ ಎಷ್ಟು ದುಬಾರಿಯದ್ದೆಂದು ಆಗ ಗೊತ್ತಿರಲಿಲ್ಲ.

ನಡೆದದ್ದು ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ ಸಂಬಂಧಿಸಿದ ವಿಷಯ. ಅವರ ಮನೆ ಹಿರಿಯಡ್ಕದಲ್ಲಿ. ಒಂದು ಟಿಲ್ಲರ್ ಇಟ್ಟುಕೊಂಡು ಮಳೆಗಾಲದಲ್ಲಿ ಊರವರ ಗದ್ದೆ ಉಳುತ್ತಿದ್ದರು. ಓದಿದ್ದು ಎಂಟನೇ ಕ್ಲಾಸು; ಬಾಯಿ ಮಾತ್ರ ಹತ್ತು ಮಂದಿಗೆ ಸಾಕಾಗುವಷ್ಟು. ಶುಗರ್ ಇತ್ತು. ಮಾತ್ರೆಯನ್ನು ನೆನಪಾದ ದಿನ ನುಂಗುತ್ತಿದ್ದರು, ಅಂಗಾಲು ಒಡೆದಿದ್ದರೂ ಕೆಸರಿಗೆ ಬರಿಗಾಲಲ್ಲೇ ಇಳಿಯುತ್ತಿದ್ದರು. ಬೂಟು ಹಾಕಿಕೊಳ್ಳಿ ಎಂದರೆ, "ಗದ್ದೆಗೆ ಬೂಟು ಹಾಕಿ ಹೋಗ್ಲಿಕ್ಕೆ ನಾನೆಂತ ಪೊಲೀಸಾ ಮಾರಾಯ?" ಎನ್ನುವರು. ನನ್ನ ಉದ್ಯೋಗದ ಮೇಲೆ ಅವರಿಗೆ ವಿಶೇಷ ಅಭಿಮಾನ. "ಇವ ನನ್ನ ಹೆಂಡತಿಯ ತಮ್ಮ, ಊರವರ ಉಚ್ಚೆ ನೋಡಿ ಭವಿಷ್ಯ ಹೇಳ್ತಾನೆ" ಎಂದು ಅಪರಿಚಿತರ ಮುಂದೆ ಮುಖ ಗಂಭೀರ ಮಾಡಿ ಪರಿಚಯಿಸುತ್ತಿದ್ದರು. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತರುವಾಗ ಅವರ ಮಾತಿನ ಖಾರ ಅರ್ಧ ಇಳಿದಿದೆ.

ಆ ವರ್ಷ ನಾಟಿ ಮುಗಿಯುವ ಹೊತ್ತಿಗೆ ಅವರಿಗೆ ಜ್ವರ ಹಿಡಿಯಿತು. ಮೊದಲು ವೈರಲ್ ಎಂದರು. ಎರಡು ವಾರವಾದರೂ ಬಿಡದಿದ್ದಾಗ ಎಕ್ಸ್‌ರೇ ತೆಗೆಸಿದರು. ಶ್ವಾಸಕೋಶದಲ್ಲಿ ಕಲೆ ಕಂಡಿತು, ಟಿ.ಬಿ. ಇರಬೇಕೆಂದು ಮಾತ್ರೆ ಶುರುವಾಯಿತು. ಕಫದಲ್ಲಿ ಟಿ.ಬಿ.ಯ ಕ್ರಿಮಿ ಸಿಕ್ಕಿರಲಿಲ್ಲ, ಆದರೆ ಬೇರೆ ಯಾವ ಹೆಸರೂ ಯಾರಿಗೂ ಹೊಳೆದಿರಲಿಲ್ಲ. ಆರು ವಾರ ಮಾತ್ರೆ ತಿಂದರು. ಜ್ವರ ಏರಿತು, ಮೈ ಇಳಿಯಿತು. ಕೊನೆಗೆ ಒಂದು ಬುಧವಾರ ಅಕ್ಕ ಅವರನ್ನು ನಾನಿದ್ದ ಆಸ್ಪತ್ರೆಗೇ ತಂದಳು. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿದ್ದ ಸಣ್ಣ ಆಸ್ಪತ್ರೆ ಅದು. ಈಗ ಮುಚ್ಚಿದೆ, ಹೆಸರು ಬೇಡ. "ನಿನ್ನ ಹತ್ತಿರವೇ ತಂದಿದ್ದೇನೆ. ಎಂತದ್ದು ಅಂತ ನೀನೇ ನೋಡಿ ಹೇಳು" ಎಂದಳು ಅಕ್ಕ. ಲ್ಯಾಬಿನಲ್ಲಿರುವವನಿಗೆ ತಿಳಿಯದ ರೋಗವೇ ಇಲ್ಲವೆಂದು ಅವಳ ನಂಬಿಕೆ. ನಾನೂ ಅದನ್ನು ತಿದ್ದಲಿಕ್ಕೆ ಹೋಗಲಿಲ್ಲ.

ನಮ್ಮ ಕೆಲಸದ ಕ್ರಮ ಸ್ವಲ್ಪ ಹೇಳಬೇಕು. ರೋಗಿಯ ರಕ್ತವನ್ನು ಬಾಟಲಿಯ ಪೋಷಕ ದ್ರವಕ್ಕೆ ಹಾಕಿ ಬೆಚ್ಚಗೆ ಇಡುತ್ತೇವೆ. ಕ್ರಿಮಿ ಇದ್ದರೆ ಅದು ಬೆಳೆಯುತ್ತದೆ. ಅದನ್ನು ಮುಚ್ಚಳವಿರುವ ಚಪ್ಪಟೆ ಪ್ಲೇಟಿಗೆ ಸವರಿ ಮತ್ತೆ ಇಡುತ್ತೇವೆ. ಒಂದೆರಡು ದಿನದಲ್ಲಿ ಚುಕ್ಕಿಗಳಂತೆ ಎದ್ದು ಬರುತ್ತದೆ. ಅಲ್ಲಿಂದ ಮುಂದೆ ಅನುಭವದ ಕಣ್ಣು. ಇದು ರೋಗದ್ದು, ಇದು ಸೂಜಿ ಚುಚ್ಚುವಾಗ ಚರ್ಮದಿಂದಲೋ ನೀರಿನಿಂದಲೋ ಬಂದ ಕಸ ಎಂದು ನಾವು ತೀರ್ಮಾನಿಸುತ್ತೇವೆ. ಕಸವಾದರೆ ರಿಜಿಸ್ಟರಿನಲ್ಲಿ 'ಕಂಟಾಮಿನೆಂಟ್' ಎಂದು ಬರೆದು ಪ್ಲೇಟನ್ನು ಕೆಂಪು ಚೀಲಕ್ಕೆ ಹಾಕಿದರೆ ಮುಗಿಯಿತು. ಈ ಒಂದು ಪದವನ್ನು ನಾನು ನನ್ನ ಸಹಿಗಿಂತಲೂ ಸರಾಗವಾಗಿ ಬರೆಯುತ್ತಿದ್ದೆ.

ಭಾವನ ಪ್ಲೇಟನ್ನು ಗುರುವಾರ ಇಟ್ಟದ್ದು. ಶನಿವಾರ ಮಧ್ಯಾಹ್ನ ತೆಗೆದು ನೋಡಿದೆ. ಬೂದು ಬಣ್ಣದ ನುಣುಪು ಚುಕ್ಕಿಗಳು. ನೀರಿನಲ್ಲಿ, ಮಣ್ಣಿನಲ್ಲಿ ಎಲ್ಲೆಂದರಲ್ಲಿ ಇರುವ ಬಡಪಾಯಿ ಕ್ರಿಮಿಯೆಂದು ನನ್ನ ಅನುಭವದ ಕಣ್ಣು ತೀರ್ಪು ಕೊಟ್ಟಿತು. ರಕ್ತ ತೆಗೆದ ಹೊಸ ನರ್ಸಿಗೆ ಮನಸ್ಸಿನಲ್ಲೇ ಬೈದೆ. ಕಂಟಾಮಿನೆಂಟ್ ಎಂದು ಬರೆದೆ. ಪ್ಲೇಟನ್ನು ಚೀಲಕ್ಕೆ ಹಾಕಿದೆ. ಸೋಮವಾರ ಇನ್ನೊಮ್ಮೆ ರಕ್ತ ತೆಗೆಸಿದರಾಯಿತು ಎಂದುಕೊಂಡು ಊಟದ ಬುತ್ತಿ ಬಿಚ್ಚಿದೆ. ಲ್ಯಾಬಿನಲ್ಲಿ ನಾನೊಬ್ಬನೇ ಇದ್ದೆ.

ಆಗ ಗೋಡೆಯ ಇಂಟರ್‌ಕಾಮ್ ಹೊಡೆದುಕೊಂಡಿತು.

"ಎಂತ ಮಾರಾಯ, ನನ್ನನ್ನು ಬಿಸಾಡಿಬಿಟ್ಟಿಯಾ?"

ಭಾವನ ದನಿ. ಸಂಶಯವೇ ಇಲ್ಲ, ಅದೇ ತಮಾಷೆ, ಪ್ರತಿ ಮಾತಿನ ಕೊನೆಗೆ ಅದೇ ಸಣ್ಣ ಕೆಮ್ಮು. ನನಗೆ ಹಿಡಿಸಲಾರದ ಸಂತೋಷವಾಯಿತು. "ಭಾವ! ಎದ್ದು ಕೂತಿರಾ? ಜ್ವರ ಬಿಟ್ಟಿತಾ?" ಎಂದೆ.

"ಜ್ವರದ ವಿಷಯ ಬಿಡು. ಅದು ಕಸ ಅಲ್ಲ, ನನ್ನದೇ. ತೆಗೆದು ಒಳಗೆ ಇಡು, ನಾಲ್ಕು ದಿನ ಇಟ್ಟು ನೋಡು. ಗದ್ದೆಯದ್ದು ಅಲ್ವಾ, ಅದಕ್ಕೆ ನಿನ್ನ ಹಾಗೆ ಅವಸರ ಇಲ್ಲ."

ಫೋನ್ ಇಟ್ಟ ಸದ್ದಾಯಿತು. ತುತ್ತು ಕೈಯಲ್ಲೇ ಇತ್ತು. ಪ್ಲೇಟು ಬಿಸಾಡಿದ ವಿಷಯ ಅವರಿಗೆ ಹೇಗೆ ಗೊತ್ತಾಯಿತೆಂಬ ಪ್ರಶ್ನೆ ಹೊಳೆಯಲು ಒಂದು ನಿಮಿಷ ಬೇಕಾಯಿತು. ಕೈ ತೊಳೆದು ಮೆಟ್ಟಿಲು ಹತ್ತಿ ಅವರನ್ನು ಇಟ್ಟಿದ್ದ ಐಸಿಯುಗೆ ಹೋದೆ. ಹೊರಗಿನ ಬೆಂಚಿನಲ್ಲಿ ಅಕ್ಕ ಕುಳಿತಿದ್ದಳು. "ಬೆಳಿಗ್ಗೆ ಏಳು ಗಂಟೆಗೆ ಗಂಟಲಿಗೆ ಟ್ಯೂಬ್ ಹಾಕಿದ್ರು. ಎಚ್ಚರವೇ ಇಲ್ಲ. ನಿನಗೆ ಹೇಳ್ಬೇಕು ಅಂತ ಇದ್ದೆ, ಕೆಲಸದಲ್ಲಿ ಇರ್ತಿ ಅಂತ ಬಿಟ್ಟೆ" ಎಂದಳು. ಗಾಜಿನಾಚೆ ಭಾವ ಮಲಗಿದ್ದರು. ಬಾಯಿಗೆ ಪ್ಲಾಸ್ಟರ್ ಹಾಕಿ ಕೊಳವೆ ಕಟ್ಟಿದ್ದರು, ಎದೆಯನ್ನು ಯಂತ್ರ ಏರಿಸಿ ಇಳಿಸುತ್ತಿತ್ತು. ಹಾಸಿಗೆಯ ಹತ್ತಿರ ಎಲ್ಲಿಯೂ ಫೋನ್ ಇರಲಿಲ್ಲ.

ಕೆಳಗೆ ಬಂದು ಕೆಂಪು ಚೀಲ ಬಿಚ್ಚಿದೆ. ಶನಿವಾರವಾದ್ದರಿಂದ ಚೀಲ ಇನ್ನೂ ಕ್ರಿಮಿ ಕೊಲ್ಲುವ ಆವಿಪೆಟ್ಟಿಗೆಯಾದ ಆಟೋಕ್ಲೇವಿನಲ್ಲಿ ಬೇಯಲು ಹೋಗಿರಲಿಲ್ಲ. ಪ್ಲೇಟು ಸಿಕ್ಕಿತು. ಪ್ಲೇಟುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಹಿಂದಿನ ಮೂಲೆಯಲ್ಲಿ, ಬೇರೆಯವರಿಗೆ ಕಾಣದ ಹಾಗೆ ಇಟ್ಟೆ.

ಇಲ್ಲಿಯವರೆಗೆ ವಿಚಿತ್ರ. ಇನ್ನು ಮುಂದಿನದ್ದು ವಿಚಿತ್ರವಲ್ಲ, ನನ್ನ ಸ್ವಂತ ಸಾಧನೆ.

ಮೂರು ಗಂಟೆಗೆ ನಮ್ಮ ಮೈಕ್ರೋಬಯಾಲಜಿಯ ಮೇಡಂ ರಿಪೋರ್ಟುಗಳಿಗೆ ಸಹಿ ಹಾಕಲು ಬಂದರು. ಮಣಿಪಾಲದಲ್ಲಿ ವಾಸ, ಚಿಕ್ಕ ವಯಸ್ಸು, ಪ್ರಶ್ನೆ ಕೇಳುವ ಸ್ವಭಾವ. "ಮೇಡಂ, ಆ ಒಂದು ಪ್ಲೇಟು..." ಎಂದೆ. "ಯಾವುದು?" ಎಂದರು. ಯಾಕೆ ಮತ್ತೆ ನೋಡಬೇಕು ಎಂದು ಅವರು ಖಂಡಿತ ಕೇಳುತ್ತಿದ್ದರು. ನಾನೇ ಸಹಿ ಹಾಕಿ ಕಸವೆಂದು ಬರೆದಾಗಿತ್ತು. ಪ್ರಜ್ಞೆಯಿಲ್ಲದ ರೋಗಿ ಫೋನ್ ಮಾಡಿ ತಕರಾರು ಎತ್ತಿದ್ದಾರೆಂದು ಹೇಳುವುದೇ? "ಏನಿಲ್ಲ ಮೇಡಂ" ಎಂದೆ. ಭಾನುವಾರವೂ ಹೇಳಲಿಲ್ಲ. ಭಾವ ಹೇಳಿದಂತೆ ಪ್ಲೇಟನ್ನು ಇಟ್ಟೆ, ಯಾರಿಗೂ ಹೇಳದೆ ಇಟ್ಟೆ. ಹೀಗೆ ಎರಡು ಕಡೆಯ ಮರ್ಯಾದೆಯನ್ನೂ ಉಳಿಸಿಕೊಂಡೆ.

ಸೋಮವಾರ ಬೆಳಿಗ್ಗೆ, ಗುರುವಾರದಿಂದ ನಾಲ್ಕು ದಿನವಾದ ಮೇಲೆ, ತೆಗೆದಾಗ ನುಣುಪು ಚುಕ್ಕಿಗಳು ಇರಲಿಲ್ಲ. ಒಂದೊಂದೂ ಅಗಲವಾಗಿ, ಒಣಗಿ, ನಡುವಿನಿಂದ ಅಂಚಿಗೆ ಸುಕ್ಕು ಬಿದ್ದಿತ್ತು. ಅಂಥದ್ದನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ನೋಡುವಷ್ಟು ದಿನ ಯಾವುದನ್ನೂ ಇಟ್ಟಿರಲಿಲ್ಲ. ಮೇಡಂ ಬಂದವರು ಪ್ಲೇಟು ನೋಡಿ ಕುರ್ಚಿಯಿಂದ ಎದ್ದರು. ಸ್ಲೈಡ್ ಮಾಡಿ ನೋಡಿದರೆ ಎರಡು ತುದಿ ಕಪ್ಪಾಗಿ ನಡು ಬಿಳುಪಾದ ಸಣ್ಣ ಕಡ್ಡಿಗಳು. "ಇವರಿಗೆ ಶುಗರ್ ಉಂಟಾ? ಗದ್ದೆ ಕೆಲಸವಾ?" ಎಂದು ಕೇಳಿದರು. ಎರಡಕ್ಕೂ ಹೌದೆಂದೆ. ಮೆಲಿಯೊಯ್ಡೋಸಿಸ್ ಎಂಬ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಆಗ. ಮಣ್ಣಿನ ಕ್ರಿಮಿ, ಕಾಲಿನ ಒಡಕಿನಿಂದ ಒಳಗೆ ಹೋಗುತ್ತದೆ, ಟಿ.ಬಿ.ಯ ವೇಷ ಹಾಕುತ್ತದೆ, ಟಿ.ಬಿ. ಮಾತ್ರೆಗೆ ಬಗ್ಗುವುದಿಲ್ಲ, ಶುಗರ್ ಇದ್ದವರನ್ನು ಬೇಗ ತೆಗೆಯುತ್ತದೆ. ಅದಕ್ಕೆ ಬೇರೆಯೇ ಇಂಜೆಕ್ಷನ್. ಖಚಿತಪಡಿಸಲು ಪ್ಲೇಟನ್ನು ದೊಡ್ಡ ಲ್ಯಾಬಿಗೆ ಕಳಿಸಿ, ಉತ್ತರಕ್ಕೆ ಕಾಯದೆ ಸಂಜೆಯೊಳಗೆ ಇಂಜೆಕ್ಷನ್ ತರಿಸಿ ಶುರು ಮಾಡಿಸಿದರು.

"ಇದನ್ನು ಯಾಕೆ ಬಿಸಾಡಲಿಲ್ಲ ನೀವು?" ಎಂದು ಕೇಳಿದರು.

"ಮರೆತು ಹೋಗಿತ್ತು ಮೇಡಂ."

"ಮರೆತದ್ದು ಒಳ್ಳೆಯದಾಯ್ತು ಮಾರಾಯ್ರೆ. ಶನಿವಾರವೇ ನನ್ನ ಕಣ್ಣಿಗೆ ಬಿದ್ದಿದ್ದರೆ, ಸುಕ್ಕು ಬೀಳುವ ಮೊದಲೇ ಸ್ಲೈಡಿನಲ್ಲಿ ಸಂಶಯ ಬಂದು ಶನಿವಾರವೇ ಶುರು ಮಾಡಬಹುದಿತ್ತು, ಅಷ್ಟೇ."

ಅಷ್ಟೇ. ಮಂಗಳವಾರ ಬೆಳಿಗ್ಗೆ ಭಾವ ತೀರಿಕೊಂಡರು.

ಮೇಡಂ ಅಲ್ಲಿಗೆ ಬಿಡಲಿಲ್ಲ. ಭಾವ ಕೊನೆಯದಾಗಿ ಉತ್ತ ಗದ್ದೆಗೆ ನನ್ನನ್ನೂ ಕರೆದುಕೊಂಡು ಹೋದರು. ಮೊಳದಾಳ ತೋಡಿ ಮಣ್ಣನ್ನು ಬಾಟಲಿಗಳಲ್ಲಿ ತುಂಬಿದೆವು. ಅದರಲ್ಲಿ ಅದೇ ಕ್ರಿಮಿ ಬೆಳೆಯಿತು. ಆಮೇಲೆ ಹಳೆಯ ರಿಜಿಸ್ಟರುಗಳು. ಕಂಟಾಮಿನೆಂಟ್ ಎಂದು ಬರೆದದ್ದನ್ನೆಲ್ಲ ಹುಡುಕಿ, ಮಳೆಗಾಲದ್ದು, ಶುಗರ್ ಇದ್ದವರದ್ದು ಎಂದು ಬೇರೆ ಮಾಡಿ ಮನೆಗಳಿಗೆ ಫೋನ್ ಮಾಡಿದೆವು. ಎಲ್ಲವೂ ಅದೇ ರೋಗವೆಂದು ಹೇಳಲು ಈಗ ಸಾಕ್ಷಿಯಿಲ್ಲ, ಪ್ಲೇಟುಗಳು ಬೆಂದು ಹೋಗಿವೆ. ಕಾರ್ಕಳದ ಕಡೆಯ ಒಂದು ಮನೆಯಲ್ಲಿ ಹೆಂಗಸೊಬ್ಬರು ಫೋನ್ ಎತ್ತಿದರು. "ಅವರು ಹೋಗಿ ಮೂರು ವರ್ಷ ಆಯ್ತಲ್ಲ. ಈಗ ಎಂತ ರಿಪೋರ್ಟು?" ಎಂದರು. ಆ ಪುಟದ ಅಕ್ಷರ ನನ್ನದೇ, ಬಹಳ ದುಂಡಗಿತ್ತು. ಅಂಥ ಪುಟಗಳು ಇನ್ನೂ ಇದ್ದವು.

ಮರುವರ್ಷ ಉಡುಪಿಯಲ್ಲಿ ಟೆಕ್ನಿಷಿಯನ್ನರ ಸಭೆಯೊಂದರಲ್ಲಿ, ಪ್ಲೇಟು ಮರೆತು ರೋಗ ಪತ್ತೆಗೆ ಕಾರಣನಾದನೆಂದು ನನಗೆ ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಟ್ಟರು. ಮರೆವಿಗೆ ಸನ್ಮಾನ ಪಡೆದವರು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಎರಡು ಮಾತು ಆಡಿ ಎಂದರು. ಎದ್ದು ನಿಂತು ಕೈಮುಗಿದು ಕೂತೆ.

ಆ ಕರೆಗೆ ವಿವರಣೆ ಹುಡುಕದೆ ನಾನು ಕೂತಿಲ್ಲ. ಇಂಟರ್‌ಕಾಮಿನ ಲೈನ್ ಪರೀಕ್ಷಿಸಿದೆ, ಸರಿಯಾಗಿಯೇ ಇತ್ತು. ಯಾರಾದರೂ ಕುಚೋದ್ಯ ಮಾಡಿದರೇ ಎಂದರೆ, ಆ ಪ್ಲೇಟು ಚೀಲಕ್ಕೆ ಬಿದ್ದದ್ದನ್ನು ಕಂಡವನು ನಾನೊಬ್ಬನೇ. ನಿನ್ನ ಮನಸ್ಸಾಕ್ಷಿಯೇ ಮಾತಾಡಿರಬೇಕು ಎನ್ನಬಹುದು. ಇರಬಹುದು; ಆದರೆ ನನ್ನ ಮನಸ್ಸಾಕ್ಷಿಗೆ ಅಷ್ಟು ಹಾಸ್ಯಪ್ರಜ್ಞೆ ಯಾವತ್ತೂ ಇರಲಿಲ್ಲ. ಮೇಲಾಗಿ, ಆ ಕ್ರಿಮಿ ತನ್ನ ಗುರುತು ತೋರಿಸಲು ನಾಲ್ಕು ದಿನ ಬೇಕೆಂದು ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ನನ್ನ ಮನಸ್ಸು ಎಲ್ಲಿಂದ ತಂದಿತು?

ಭಾವನ ಉತ್ತರಕ್ರಿಯೆಯ ದಿನ ಎಲ್ಲರೂ ಹೋದ ಮೇಲೆ ಅಕ್ಕ ಹತ್ತಿರ ಬಂದು ಕೂತಳು. "ಅಷ್ಟು ಮಾತಾಡುವವರು, ಕೊನೆಗೆ ಒಂದು ಮಾತಿಲ್ಲದೆ ಹೋದ್ರಲ್ಲ. ನಿನ್ನ ಹತ್ತಿರವಾದ್ರೂ ಎಂತಾದ್ರೂ ಹೇಳಿದ್ರಾ?" ಎಂದು ಕೇಳಿದಳು. ಹೇಳಿದರೆ ಎಲ್ಲವನ್ನೂ ಹೇಳಬೇಕು. ಶನಿವಾರ ಮೂರು ಗಂಟೆಗೆ ಬಾಯಿ ತೆರೆದು ಮುಚ್ಚಿದ್ದನ್ನೂ ಹೇಳಬೇಕು. ಇಲ್ಲ ಅಕ್ಕ ಎಂದೆ.

ಅಕ್ಕ ಕಳೆದ ಮಾರ್ಚಿನಲ್ಲಿ ತೀರಿಕೊಂಡಳು. ನಾನು ಅವಳಿಗೆ ಹೇಳಿರಲಿಲ್ಲ.