ಚಾಮರಾಜಪೇಟೆಯ ದೋಣಿಗೊಂದು ಜಾಕ್

ಕಳೆದ ಸೋಮವಾರ ಬೆಳಿಗ್ಗೆ ನಮ್ಮನೆ ದೋಣಿ ನನ್ನನ್ನು ನೈಟಿಯಲ್ಲಿ ಬೀದಿಗೆ ನಿಲ್ಲಿಸಿತು.

ತಮಾಷೆ ಅಲ್ಲ. ಗೇಟಿನ ಹೊರಗೆ ಬಗ್ಗಿಕೊಂಡು ರಂಗೋಲಿ ಹಾಕುತ್ತಿದ್ದೆ. ಮೈಮೇಲೆ ನೈಟಿ, ಅದರ ಮೇಲೊಂದು ಟವೆಲ್. (ನೈಟಿಯ ಮೇಲೆ ಟವೆಲ್ ಹೊದ್ದರೆ ಅದು ಔಟ್‌ಡೋರ್ ಡ್ರೆಸ್. ನಮ್ಮ ಚಾಮರಾಜಪೇಟೆಯಲ್ಲಿ ಇದುವರೆಗೆ ಯಾರೂ ಆಕ್ಷೇಪ ಎತ್ತಿಲ್ಲ.) ಎಂಟೆಸಳಿನ ಕಮಲ ಇನ್ನೇನು ಮುಗಿಯಬೇಕು, ಹಿಂದಿನಿಂದ ‘ಕರಕ್’ ಅಂತ ಸದ್ದು. ಹಿಂದೆಯೇ ‘ದಢಾರ್’. ತಿರುಗಿ ನೋಡಿದರೆ, ಕಾಂಪೌಂಡಿನೊಳಗೆ ತೆಪ್ಪಗೆ ನಿಂತಿದ್ದ ದೋಣಿ ಮುಂದಕ್ಕೆ ಮುಗ್ಗರಿಸಿ, ಗೇಟಿಗೆ ಮೂತಿ ಒತ್ತಿಕೊಂಡು, ಹಿಂಭಾಗ ಮೇಲೆತ್ತಿ ನಿಂತಿದೆ. ನಮ್ಮ ಗೇಟು ಒಳಕ್ಕೆ ತೆರೆಯುವಂಥದ್ದು. ಅಂದರೆ, ಇನ್ನು ತೆರೆಯುವಂಥದ್ದಲ್ಲ.

ನಮ್ಮ ಮನೆಯವರು ಬಾಯಲ್ಲಿ ಟೂತ್‌ಬ್ರಷ್ ಸಮೇತ ಓಡಿಬಂದರು.

“ಏನಾಯ್ತೇ?”

“ನನ್ನ ಕೇಳ್ತೀರಲ್ಲ ರೀ! ನಿಮ್ಮ ದೋಣಿನ ಕೇಳಿ.”

ಒಳಗಿನಿಂದ ನಮ್ಮತ್ತೆಯ ಧ್ವನಿ. “ಏನೋ ಸೀನ ಅದು ಸದ್ದು?”

“ದೋಣಿ ಬಗ್ತಮ್ಮಾ.”

“ಶ್ರಾವಣಮಾಸ ಕಣೋ. ನಮಸ್ಕಾರ ಮಾಡ್ತಿರ್ಬೇಕು ಬಿಡು.”

ಈ ಅಂಕಣವನ್ನು ತಪ್ಪದೆ ಓದುವ ನಿಮಗೆ ನಮ್ಮ ಮನೆಯವರ ಪರಿಚಯ ಇದ್ದೇ ಇದೆ. ಬ್ರೆಡ್ ಮಾಡುವ ಮಷಿನ್ ತಂದವರು. ಟೆಲಿಸ್ಕೋಪ್ ತಂದು ಎದುರುಮನೆಯವರ ಜೊತೆ ಜಗಳ ತಂದವರು. ಎರಡು ವರ್ಷದ ಹಿಂದೆ ಅವರ ಸ್ನೇಹಿತ ನಾಗೇಶ, ಕಬಿನಿ ಹಿನ್ನೀರಿನ ಬಳಿ ತಾನು ನಡೆಸುತ್ತಿದ್ದ ಹೋಮ್‌ಸ್ಟೇ ಮುಚ್ಚಿದ. ಅಲ್ಲಿದ್ದ ಮಂಚ, ಕುರ್ಚಿ, ಕುಕ್ಕರ್ ಎಲ್ಲ ಯಾರ್‍ಯಾರೋ ಬುದ್ಧಿವಂತರು ಕೊಂಡುಕೊಂಡರು. ದೋಣಿ ನಮಗೆ ಬಂತು. ಜೊತೆಗೆ ಅದನ್ನು ಹೊರುವ ಎರಡು ಚಕ್ರದ ಟ್ರೇಲರ್. ತಿಂಗಳಿಗೊಂದು ಸಲ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವುದು, ನೀರಿಗಿಳಿಸುವುದು, ಸೂರ್ಯಾಸ್ತ ನೋಡುವುದು. ಪ್ಲಾನ್ ಅದು.

ಅಂದಿನಿಂದ ಇಂದಿನವರೆಗೆ ಆ ದೋಣಿ ನೀರಿಗಿಳಿದಿಲ್ಲ. ಹೋದ ಮಳೆಗಾಲದಲ್ಲಿ ನೀರೇ ದೋಣಿಗಿಳಿಯಿತು. ಸೊಳ್ಳೆ ಮರಿ ಹುಡುಕಿಕೊಂಡು ಬಂದ ಆರೋಗ್ಯ ಇಲಾಖೆಯ ಹೆಣ್ಣುಮಗಳು ಅದನ್ನು ನೋಡಿ, “ಡ್ರಮ್ ನೋಡಿದೀನಿ, ಟೈರ್ ನೋಡಿದೀನಿ, ಇದೇನ್ ಮೇಡಂ?” ಅಂತ ನನ್ನನ್ನು ಬೈದು ಹೋದಳು.

ಹಾಗಂತ ದೋಣಿಗೆ ಮನೆಯಲ್ಲಿ ಮರ್ಯಾದೆ ಇಲ್ಲ ಅನ್ನಬೇಡಿ. ಎಂಬತ್ತು ದಾಟಿದ ನಮ್ಮತ್ತೆ ಬೇಸಿಗೆಯಲ್ಲಿ ಅದರ ಮೇಲೆಯೇ ಸಂಡಿಗೆ ಒಣಗಿಸುವುದು. ಇಷ್ಟು ದೊಡ್ಡ ವಸ್ತು ಗೇಟಿಗೆ ಎದುರಾಗಿ ನಿಂತರೆ ಬೀದಿಯವರ ಕಣ್ಣೆಲ್ಲ ಅದರ ಮೇಲೇ ಎಂದು ಮಂಗಳವಾರ, ಶುಕ್ರವಾರ ಬಿಡದೆ ಅದಕ್ಕೆ ದೃಷ್ಟಿ ತೆಗೆಯುತ್ತಾರೆ. (ನಮ್ಮ ಮದುವೆಯಾಗಿ ಇಷ್ಟು ವರ್ಷವಾಯಿತು, ನನಗೆ ವಾರಕ್ಕೆರಡು ಸಲ ಯಾರೂ ದೃಷ್ಟಿ ತೆಗೆದಿಲ್ಲ.) ಇನ್ನು ನಮ್ಮ ಮನೆಯವರು ಆಫೀಸಿನಿಂದ ಬಂದವರೇ ಕಾಫಿ ಲೋಟ ಹಿಡಿದು ದೋಣಿ ಹತ್ತಿ ಕೂರುತ್ತಾರೆ. ಎದುರಿಗೆ ಪಕ್ಕದ ಮನೆಯ ಗೋಡೆ. ಆ ಗೋಡೆಯನ್ನೇ ನೋಡುತ್ತಾ ಅರ್ಧ ಗಂಟೆ ಕೂತು, ಇಳಿದು ಬರುವಾಗ ಮುಖದಲ್ಲಿ ಎಂಥ ಶಾಂತಿ!

ಸೋಮವಾರಕ್ಕೆ ಬರೋಣ. ಬೀದಿಯ ಇಸ್ತ್ರಿ ಅಂಗಡಿಯ ಮುನಿರಾಜಣ್ಣ ಕಾಂಪೌಂಡ್ ಹಾರಿ ಒಳಗೆ ಬಂದರು. ಅವರೂ ಇವರೂ ಸೇರಿ ಟ್ರೇಲರಿನ ಮೂತಿ ಎತ್ತಿ, ಹಿತ್ತಲಿನಿಂದ ಉರುಳಿಸಿಕೊಂಡು ಬಂದಿದ್ದ ಒರಳುಕಲ್ಲನ್ನು ಅದರಡಿಗೆ ತಳ್ಳಿದರು. ಗೇಟು ಅರ್ಧ ತೆರೆಯಿತು. ನಾನು ಉಸಿರು ಬಿಗಿಹಿಡಿದು, ಅಡ್ಡವಾಗಿ ನುಸುಳಿ, ಸ್ವಂತ ಮನೆಗೆ ಪ್ರವೇಶ ಪಡೆದೆ.

ಆಗ ಗೊತ್ತಾಯಿತು ಅಪರಾಧಿ ಯಾರೆಂದು. ಎರಡೇ ಚಕ್ರದ ಟ್ರೇಲರ್ ಕಾರಿಗೆ ಕಟ್ಟಿಲ್ಲದಾಗ ಮುಂದಕ್ಕೆ ಬೀಳದಂತೆ ಅದರ ಮೂತಿಯಡಿ ಒಂದು ಜಾಕ್ ಇರುತ್ತದೆ. ಕಬ್ಬಿಣದ ಕಾಲು, ಬುಡದಲ್ಲೊಂದು ಪುಟ್ಟ ಗಾಲಿ, ತಲೆಯ ಮೇಲೊಂದು ಹ್ಯಾಂಡಲ್. ತಿರುಗಿಸಿದರೆ ಮೂತಿ ಏಳುತ್ತದೆ, ಇಳಿಯುತ್ತದೆ. ಗಾಲಿಯಿರುವುದರಿಂದ ತಳ್ಳಿ ಪಕ್ಕಕ್ಕೂ ಸರಿಸಬಹುದು. ನಮ್ಮ ಜಾಕ್‌ನ ಕಾಲು ತುಕ್ಕು ಹಿಡಿದು, ಹಪ್ಪಳದ ಹಾಗೆ ಮುರಿದುಬಿದ್ದಿತ್ತು.

“ರೀ, ಶುಕ್ರವಾರ ವರಮಹಾಲಕ್ಷ್ಮಿ” ಅಂದೆ.

“ಗೊತ್ತು ಕಣೇ.”

“ಅರಿಶಿನ ಕುಂಕುಮಕ್ಕೆ ಇಡೀ ಬೀದಿ ಬರುತ್ತೆ. ಎಲ್ಲರೂ ರೇಷ್ಮೆ ಸೀರೆ ಉಟ್ಕೊಂಡು ಹೀಗೆ ಅಡ್ಡಡ್ಡ ನುಗ್ಗಬೇಕಾ? ಪಕ್ಕದ್ಮನೆ ಪದ್ಮಮ್ಮ ಎಲ್ಲಿ ಹಿಡೀತಾರೆ ಈ ಸಂದೀಲಿ?”

ಅಷ್ಟರಲ್ಲಿ ಅತ್ತೆ ಹೊರಗೆ ಬಂದು ಇನ್ನೊಂದು ಬಾಂಬ್ ಹಾಕಿದರು. “ಅಯ್ಯೋ, ಒರಳುಕಲ್ಲು ಯಾಕೋ ಅಲ್ಲಿಟ್ಟೆ? ಹೋಳಿಗೆ ಹೂರಣ ಎಲ್ಲಿ ರುಬ್ಬೋದು?”

ಮಿಕ್ಸಿ ಇದೆ, ಗ್ರೈಂಡರ್ ಇದೆ. ಆದರೆ ನಮ್ಮ ಮನೆಯಲ್ಲಿ ಈ ಹಬ್ಬದ ಹೂರಣ ವರ್ಷಕ್ಕೊಮ್ಮೆ ಆ ಕಲ್ಲಿನಲ್ಲೇ ಆಗಬೇಕು. ಈಗ ಕಲ್ಲು ತೆಗೆದರೆ ದೋಣಿ ಬೀಳುತ್ತದೆ. ತೆಗೆಯದಿದ್ದರೆ ಹಬ್ಬ ಬೀಳುತ್ತದೆ.

ನನಗೆ ಪಿತ್ತ ನೆತ್ತಿಗೇರಿತು. “ಗುರುವಾರದೊಳಗೆ ಗೇಟು ಪೂರ್ತಿ ತೆಗೀಬೇಕು. ಇಲ್ಲಾಂದ್ರೆ ಗುಜರಿಯವನನ್ನ ಕರೆದು ದೋಣಿ ತೂಕಕ್ಕೆ ಹಾಕ್ಬಿಡ್ತೀನಿ” ಅಂದುಬಿಟ್ಟೆ. ನಮ್ಮ ಮನೆಯವರ ಮುಖ ಬಿಳುಚಿತು. ದೋಣಿಯ ಅಂಚು ಸವರಿದರು. ನನಗೆ ಪಾಪ ಅನ್ನಿಸಿತು. ಆದರೆ ಮಾತು ವಾಪಸ್ ತೆಗೆದುಕೊಳ್ಳುವಷ್ಟು ಪಾಪ ಅನ್ನಿಸಲಿಲ್ಲ.

ಮಂಗಳವಾರ ಅವರು ರಜೆ ಹಾಕಿದರು. ಮುರಿದ ಜಾಕನ್ನು ಹಳೇ ದಿಂಬಿನ ಕವರಿಗೆ ತುಂಬಿ ಮಡಿಲಲ್ಲಿಟ್ಟುಕೊಂಡು ನಾನು ಸ್ಕೂಟರ್ ಹಿಂದೆ ಕೂತೆ. (ನಾನ್ಯಾಕೆ ಹೋದೆ? ಅವರೊಬ್ಬರೇ ಹೋದರೆ ಜಾಕ್ ಜೊತೆ ಇನ್ನೊಂದು ದೋಣಿ ಬಂದರೆ ಏನು ಗತಿ?) ಜೆ.ಸಿ. ರಸ್ತೆಯಲ್ಲಿ ಗಾಡಿಯ ಯಾವ ಭಾಗ ಬೇಕಾದರೂ ಸಿಗುತ್ತದೆ. ನಿಮ್ಮದೇ ಗಾಡಿಯ ಭಾಗವೂ ಸಿಗಬಹುದು. ಆದರೆ ದೋಣಿ ಅಂದ ಕೂಡಲೇ ಅಂಗಡಿಯವರೆಲ್ಲ ಒಮ್ಮೆ ನಮ್ಮ ಮುಖ, ಒಮ್ಮೆ ಸ್ಕೂಟರ್ ನೋಡುತ್ತಿದ್ದರು.

“ಕಾರ್ ಜಾಕ್ ಇದೆ, ಲಾರಿ ಜಾಕ್ ಇದೆ. ದೋಣಿಗ್ಯಾಕ್ ಸಾರ್ ಜಾಕು? ಪಂಕ್ಚರ್ ಆಯ್ತಾ?” ಅಂತ ಒಬ್ಬ ಕೇಳಿಯೇಬಿಟ್ಟ.

ಕೊನೆಗೆ ಒಂದು ಅಂಗಡಿಯ ಯಜಮಾನರು, “ಟ್ರೇಲರ್ ಮುಂದ್ಗಡೆದಲ್ವಾ? ಬನ್ನಿ ಸಾರ್, ಕೂತ್ಕೊಳ್ಳಿ ಮೇಡಂ” ಅಂತ ಸ್ಟೂಲ್ ಎಳೆದರು. ಬಹಳ ಮಾತುಗಾರ ಮನುಷ್ಯ.

“ಮುಂದ್ಗಡೆ ಎಷ್ಟು ತೂಕ ಬೀಳುತ್ತೆ ಸಾರ್?”

ನಮ್ಮ ಮನೆಯವರು ಯೋಚಿಸಿದರು. “ಇಬ್ಬರು ಎತ್ತಿದ್ವಿ. ಮುನಿರಾಜಣ್ಣನ ಸೊಂಟ ಹಿಡ್ಕೊಂಡಿದೆ.”

“ಹಾಗಾದ್ರೆ ದೊಡ್ಡದೇ ಹಾಕೋಣ. ನೀರು ಯಾವುದು?”

“ಕಾವೇರಿ ನೀರು. ಎರಡು ದಿನಕ್ಕೊಂದ್ಸಲ ಬರುತ್ತೆ.”

“ಮನೆ ನೀರಲ್ಲ ಸಾರ್! ದೋಣಿ ಇಳಿಸೋ ನೀರು. ಉಪ್ಪು ನೀರಾ, ಸಿಹಿ ನೀರಾ?”

ದೋಣಿ ಇಳಿಯುವುದೇ ಇಲ್ಲ ಎಂದು ಅಪರಿಚಿತರ ಮುಂದೆ ಹೇಳುವುದು ಹೇಗೆ? ಯಜಮಾನರು ದಿಂಬಿನ ಕವರಿನಿಂದ ಹಳೇ ಜಾಕ್ ತೆಗೆದು, ತಿರುಗಿಸಿ ನೋಡಿ, “ಇದು ಪಕ್ಕಾ ಸಮುದ್ರದ ಗಾಡಿ ಸಾರ್. ಉಪ್ಪು ಹೊಡೆದಿದೆ” ಅಂದರು.

“ಸಾಧ್ಯವೇ ಇಲ್ಲ. ನಾನು ಕೆಮಿಸ್ಟ್ರಿ ಬಿ.ಎಸ್ಸಿ.” ನಮ್ಮ ಮನೆಯವರು ಕಬ್ಬಿಣ, ತೇವ, ಆಮ್ಲಜನಕ ಅಂತ ಅಲ್ಲೇ ಪಾಠ ಶುರು ಮಾಡಿದರು. ಪಾಠ ಅರ್ಧಕ್ಕೆ ಬಂದಾಗ ಅವರಿಗೇ ಅನುಮಾನ ಬಂತು. ನಾಗೇಶನಿಗೆ ಫೋನ್ ಹಚ್ಚಿದರು. “ಲೋ, ಸಮುದ್ರದ ದೋಣಿ ಕೊಟ್ಟು ಕಬಿನಿದು ಅಂದ್ಯಾ?”

ಸ್ಪೀಕರಿನಲ್ಲಿ ನಾಗೇಶ ಕಿರುಚಿದ. “ಗುರು, ಅದು ಸಮುದ್ರ ಕಂಡಿದ್ರೆ ನನ್ನ ಮೀಸೆ ಬೋಳಿಸ್ಕೊತೀನಿ!” (ನಾಗೇಶನಿಗೆ ಮೀಸೆ ಇಲ್ಲ.)

ಹಾಗಾದರೆ ಉಪ್ಪು ಬಂದದ್ದು ಎಲ್ಲಿಂದ? ಚಾಮರಾಜಪೇಟೆಗೆ ಸಮುದ್ರ ಯಾವಾಗ ಬಂದು ಹೋಯಿತು?

ಯಜಮಾನರು ಮೊದಲು ತೋರಿಸಿದ ಜಾಕ್ ಕನ್ನಡಿಯಂತೆ ಹೊಳೆಯುತ್ತಿತ್ತು. ನಮ್ಮ ಮನೆಯವರು ಅದರಲ್ಲಿ ತಲೆ ಬಾಚಿಕೊಂಡು, “ಇದೇ ಪ್ಯಾಕ್ ಮಾಡಿ” ಅಂದರು. ನಾನು ಬಿಡಲಿಲ್ಲ. ನಮ್ಮಜ್ಜಿ ಕಲಾಯಿಯವನು ತಂದುಕೊಟ್ಟ ಹಿತ್ತಾಳೆ ಪಾತ್ರೆಯ ಹೊರಮೈ ಯಾವತ್ತೂ ನೋಡಿದವರಲ್ಲ. ನೇರ ಒಳಗೆ ಕೈ. ಒಳಗಡೆ ಕಲಾಯಿ ಕೂತಿದೆಯೋ ಇಲ್ಲವೋ, ಅಷ್ಟೇ ಅವರಿಗೆ ಬೇಕಿದ್ದದ್ದು. ನಾನೂ ಜಾಕ್‌ನ ಕೊಳವೆಯೊಳಗೆ ಬೆರಳು ಹಾಕಿ ತಿರುಗಿಸಿದೆ. ಬೆರಳು ಕೆಂಪಗೆ ಬಂತು. ಹೊಚ್ಚ ಹೊಸ ಜಾಕ್, ಒಳಗೆ ಆಗಲೇ ತುಕ್ಕು!

“ಒಳಗಡೆ ಯಾರು ನೋಡ್ತಾರೆ ಮೇಡಂ?”

“ತುಕ್ಕು ನೋಡುತ್ತಲ್ಲ!”

ಯಜಮಾನರು ನಕ್ಕು, ಅಟ್ಟದ ಮೇಲಿಂದ ಇನ್ನೊಂದನ್ನು ಇಳಿಸಿದರು. ಮಂಕು ಬೂದು ಬಣ್ಣ. ಥೇಟ್ ಬಚ್ಚಲುಮನೆಯ ಹಳೇ ಜಿ.ಐ. ಬಕೆಟ್. ನಮ್ಮ ಮನೆಯವರ ಮುಖ ಇಳಿಯಿತು, ವಧುಪರೀಕ್ಷೆಯಲ್ಲಿ ಫೋಟೋದಲ್ಲಿದ್ದವಳೇ ಬೇರೆ, ಕಾಫಿ ತಂದವಳೇ ಬೇರೆ ಆದಾಗ ಇಳಿಯುವಂತೆ.

“ಇದು ಪೇಂಟ್ ಅಲ್ಲ ಮೇಡಂ. ಕರಗಿಸಿದ ಸತುವಲ್ಲಿ ಇಡೀ ಜಾಕ್‌ನ ಮುಳುಗಿಸಿ ತೆಗ್ದಿರೋದು. ಒಳಗೂ ಸತು, ಹೊರಗೂ ಸತು. ಸಮುದ್ರಕ್ಕೆ ಇಳಿಸೋರು ಇದನ್ನೇ ತಗೊಂಡ್ಹೋಗ್ತಾರೆ.”

ಬೆರಳು ಹಾಕಿದೆ. ಸ್ವಚ್ಛವಾಗಿ ಬಂತು. ಹ್ಯಾಂಡಲ್ ತಿರುಗಿಸಿದೆ, ಗರಗರ ಅನ್ನಲಿಲ್ಲ. ಗಾಲಿ ಅಗಲವಾಗಿತ್ತು. ನಮ್ಮ ಅಂಗಳದ ಚಪ್ಪಡಿ ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುವಂತಿರಲಿಲ್ಲ.

“ರೋಡಲ್ಲಿ ಹೋಗೋವಾಗ ಮಾತ್ರ ಮಡಚಿ ಮೇಲಕ್ಕೆ ತಿರುಗಿಸ್ಬೇಕು, ಇಲ್ಲಾಂದ್ರೆ ಹಂಪ್‌ಗೆ ಹೊಡೆಯುತ್ತೆ” ಅಂದರು ಯಜಮಾನರು.

“ಆ ಭಯ ಇಲ್ಲ” ಅಂದೆ ನಾನು. ನಮ್ಮ ಮನೆಯವರು ನನ್ನನ್ನು ದುರುಗುಟ್ಟಿ ನೋಡಿದರು.

ಬಿಲ್ಲಿನ ಜೊತೆ ಗ್ಯಾರಂಟಿ ಕಾರ್ಡೂ ಬಂತು. ಉಪ್ಪು ನೀರಿಗೂ ಜಗ್ಗುವುದಿಲ್ಲವಂತೆ. ನಮ್ಮ ಮನೆಯವರು ಅಷ್ಟಕ್ಕೆ ಬಿಡದೆ ಜಾಕ್‌ಗೊಂದು ರೆಕ್ಸಿನ್ ಕವರ್ ಕೂಡ ಕೊಂಡರು. ಇದು ನಮ್ಮ ಕಾಯಿಲೆ ನೋಡಿ. ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಸುತ್ತಿ, ನಂಬರ್ ಕಾಣದೆ ಚಾನೆಲ್ ಹುಡುಕಾಡುವವರು ನಾವು. ಸೋಫಾ ಮೇಲೆ ಬೆಡ್‌ಶೀಟ್, ಬೆಡ್‌ಶೀಟ್ ಮೇಲೆ ಟವೆಲ್. ಒಳ್ಳೇ ಸೀರೆಯನ್ನು ಬೀರುವಿನಲ್ಲಿಟ್ಟು ಇಟ್ಟು, ಉಡುವ ದಿನ ನೋಡಿದರೆ ಮಡಿಕೆಯಲ್ಲೇ ಹರಿದಿರುತ್ತದೆ. ನಾವು ಕಾಪಾಡಿದ್ದರಿಂದ ಹಾಳಾದ ವಸ್ತುಗಳೆಷ್ಟು, ನಿಮ್ಮ ಮನೆಯಲ್ಲೂ ಒಮ್ಮೆ ಹುಡುಕಿ ನೋಡಿ.

ಬುಧವಾರ ಸಂಜೆ ಜಾಕ್ ಕೂತಿತು. ನಮ್ಮ ಮನೆಯವರು ಹ್ಯಾಂಡಲ್ ತಿರುಗಿಸಿದರು. ದೋಣಿ ಮೆಲ್ಲಗೆ ತಲೆಯೆತ್ತಿತು. ಒಂದೇ ಕೈಯಲ್ಲಿ ತಳ್ಳಿ ಮೂತಿಯನ್ನು ಗೋಡೆಯ ಕಡೆ ತಿರುಗಿಸಿದರು. ಗೇಟು ಪೂರ್ತಿ ತೆರೆಯಿತು, ಒರಳುಕಲ್ಲು ಹಿತ್ತಲಿಗೆ ಹೋಯಿತು. “ಗುಜರಿಯವನಿಗೆ ಫೋನ್ ಮಾಡ್ತೀಯಾ?” ಅಂತ ಕೇಳಿ, ಉತ್ತರಕ್ಕೂ ಕಾಯದೆ, ಕಾಫಿ ಹಿಡಿದು ದೋಣಿ ಹತ್ತಿದರು. ನಿಜ ಹೇಳಬೇಕೆಂದರೆ ನನಗೂ ಖುಷಿಯಾಯಿತು.

ಶುಕ್ರವಾರ ಹಬ್ಬ ಭರ್ಜರಿ. ಆದರೆ ಲಕ್ಷ್ಮಿಯ ಅಲಂಕಾರ ನೋಡಲು ಬಂದವರೆಲ್ಲ ಹೊರಡುವಾಗ ಜಾಕ್ ಮುಂದೆ ನಿಂತರು. ಪದ್ಮಮ್ಮ ತಾಂಬೂಲದ ಕವರ್ ನನ್ನ ಕೈಗೆ ಕೊಟ್ಟು ಹ್ಯಾಂಡಲ್ ತಿರುಗಿಸಿದರು. ದೋಣಿ ಎದ್ದಿತು. “ಅಯ್ಯೋ, ನನ್ನ ಕೈಲೂ ಏಳತ್ತಲ್ರೀ!” ಅವರ ಸೊಸೆ ಇಳಿಸಿದಳು. ಸೊಸೆಯ ತಂಗಿ ವಿಡಿಯೋ ಮಾಡಿದಳು. ಸಂಜೆಯೆಲ್ಲ ದೋಣಿ ಏಳುತ್ತಾ ಇಳಿಯುತ್ತಾ ಇತ್ತು. ನಮ್ಮ ಮನೆಯವರು ಪಕ್ಕದಲ್ಲಿ ನಿಂತು ಸತುವಿನ ಬಗ್ಗೆ ವಿವರಿಸುತ್ತಿದ್ದರು.

ಎಲ್ಲರೂ ಹೋದ ಮೇಲೆ ಅತ್ತೆ ಮೆಲ್ಲಗೆ ಮೆಟ್ಟಿಲಿಳಿದು ಬಂದರು. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಹಿಡಿ ತುಂಬ ಕಲ್ಲುಪ್ಪು. “ಇವತ್ತು ಎಲ್ಲರ ಕಣ್ಣೂ ಇದರ ಮೇಲೇ ಬಿತ್ತಮ್ಮ” ಅನ್ನುತ್ತಾ ದೋಣಿಗೆ ಮೂರು ಸಲ ಉಪ್ಪು ನಿವಾಳಿಸಿದರು. ಚೊಂಬಿಗೆ ಹಾಕಿ ಚೆನ್ನಾಗಿ ಕಲಕಿದರು. ರೆಕ್ಸಿನ್ ಕವರ್ ಎತ್ತಿ, ಬಗ್ಗಿ, ಅಷ್ಟೂ ಉಪ್ಪುನೀರನ್ನು ಹೊಸ ಜಾಕ್‌ನ ಬುಡಕ್ಕೆ ಸುರಿದರು.

ನಾನು ಓಡಿಹೋಗಿ ಬಗ್ಗಿ ನೋಡಿದೆ. “ಅಮ್ಮಾ, ಅಲ್ಲ್ಯಾಕೆ ಸುರಿದ್ರಿ?”

“ಇನ್ನೆಲ್ಲಿ ಸುರೀಲಿ? ದೃಷ್ಟಿ ತೆಗೆದ ನೀರು ಯಾರೂ ತುಳೀಬಾರ್ದು. ಇದರ ಕೆಳಗಡೆ ಯಾರ ಕಾಲೂ ಹೋಗಲ್ಲ. ದೋಣಿ ಬಂದಾಗಿನಿಂದ ಇಲ್ಲೇ ಸುರೀತಿದೀನಿ. ಅದಕ್ಕೇ ನೋಡು, ಇದುವರೆಗೂ ಒಂದು ಗೀರೂ ಬಿದ್ದಿಲ್ಲ!”

ವಾರಕ್ಕೆರಡು ಸಲ. ಎರಡು ವರ್ಷ. ಚಾಮರಾಜಪೇಟೆಯ ಸಮುದ್ರ ಸಿಕ್ಕಿತು.

ಕೆಮಿಸ್ಟ್ರಿ ಬಿ.ಎಸ್ಸಿ.ಯವರು ದೋಣಿಯೊಳಗೆ ಕೂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು. ಅವರಿಗೆ ಎಲ್ಲ ಅರ್ಥವಾಯಿತೆಂದು ಮುಖದಲ್ಲೇ ಗೊತ್ತಾಯಿತು. ಇನ್ನೇನು, ಅಮ್ಮನಿಗೆ ಕಬ್ಬಿಣ, ತೇವ, ಆಮ್ಲಜನಕದ ಪಾಠ ಶುರುವಾಗುತ್ತದೆ ಎಂದು ನಾನು ಕಾಯುತ್ತಾ ನಿಂತೆ. ಅವರು ಒಮ್ಮೆ ಜಾಕ್ ನೋಡಿದರು, ಒಮ್ಮೆ ಅಮ್ಮನನ್ನು ನೋಡಿದರು. ಆಮೇಲೆ ಎದ್ದು ನಿಂತು ಕೈ ಮುಗಿದು ಹೇಳಿದರು, “ಅಮ್ಮಾ, ಪದ್ಮಮ್ಮ ಹ್ಯಾಂಡಲನ್ನೇ ಜಾಸ್ತಿ ನೋಡ್ತಿದ್ರು. ಅದಕ್ಕೂ ಒಂದ್ಸಲ ತೆಗೆದ್ಬಿಡು.”

ಸಮುದ್ರದ ಉಪ್ಪಿಗೆ ಗ್ಯಾರಂಟಿ ಕಾರ್ಡ್ ಕೊಟ್ಟಿದ್ದಾರೆ ಸರಿ, ನಮ್ಮತ್ತೆಯ ಉಪ್ಪಿಗೆ?